ಹಿಂದಿನ ಕೋಣೆಯ ರಸ್ತೆ

ಡಿಪೋದಲ್ಲಿ ಅವಳಿಗೆ ಪೀಪಿ ಅಕ್ಕ ಎಂದು ಹೆಸರು ಬಿದ್ದು ಕಾಲವೇ ಆಗಿಹೋಗಿತ್ತು. ಬಸ್ ಕಂಡಕ್ಟರ್ ಕೆಲಸ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ, ಹೆಗಲಲ್ಲಿ ಚೀಲ, ಒಂದು ಕೈ ಸದಾ ಮೇಲಿನ ಕಂಬಿಯಲ್ಲಿ. ಬಸ್ಸು ಎಷ್ಟೇ ಕಿಕ್ಕಿರಿದಿರಲಿ, ಅವಳು ಒಮ್ಮೆ ಊದಿದರೆ ನಿಲ್ಲುತ್ತಿತ್ತು, ಎರಡು ಸಲ ಊದಿದರೆ ಹೊರಡುತ್ತಿತ್ತು. ಬಸ್ಸು ಹಿಂದಕ್ಕೆ ಬರಬೇಕಾದಾಗ ಕೆಳಗಿಳಿದು, ಹಿಂದೆ ನಿಂತು ದಾರಿ ತೋರಿಸುವುದೂ ಅವಳೇ. ಉದ್ದಕ್ಕೆ ಊದಿದಳೆಂದರೆ ಡ್ರೈವರು ಎಂಥಾ ಗತ್ತಿನವನೇ ಆಗಿರಲಿ, ಮರುಮಾತಿಲ್ಲದೆ ಬ್ರೇಕು ತುಳಿಯಬೇಕು. ಮನೆಯಲ್ಲಿ ಯಾರೂ ಅಷ್ಟು ಸಲೀಸಾಗಿ ಮಾತು ಕೇಳುವವರಲ್ಲವಾದ್ದರಿಂದ ಆ ಸೀಟಿಯ ಮೇಲೆ ಅವಳಿಗೆ ವಿಶೇಷ ಅಭಿಮಾನ.

ಆದರೆ ಇಷ್ಟು ವರ್ಷದ ಕೆಲಸದಲ್ಲಿ ಅವಳು ರಸ್ತೆಯನ್ನು ನೋಡಿದ್ದೆಲ್ಲ ಪಕ್ಕದ ಕಿಟಕಿಯಿಂದ. ಮರ, ಅಂಗಡಿ, ಗೇಟು, ಗೋಡೆ ಎಲ್ಲವೂ ಪಕ್ಕದಲ್ಲಿ ಓಡಿಹೋಗುತ್ತಿದ್ದವು. ರಸ್ತೆ ಎದುರಿನಿಂದ ತನ್ನ ಕಡೆಗೇ ಬರುವುದನ್ನು ನೆಮ್ಮದಿಯಾಗಿ ನೋಡಿದ್ದೇ ಇಲ್ಲ. ನೋಡೋಣವೆಂದು ಮುಂದೆ ಹೋಗಿ ನಿಂತರೆ ಹಿಂದಿನಿಂದ ಯಾರೋ ಚಿಲ್ಲರೆ ಕೇಳುತ್ತಿದ್ದರು. ಬಸ್ಸನ್ನು ತಾನೇ ಓಡಿಸಬೇಕೆಂಬ ಆಸೆ ಅವಳಲ್ಲಿ ಯಾವಾಗ ಹುಟ್ಟಿತೋ ಅವಳಿಗೇ ಗೊತ್ತಿಲ್ಲ. ಹುಟ್ಟಿದ್ದು ಮಾತ್ರ ಹೋಗಲಿಲ್ಲ.

ಒಂದು ಸಲ ಡಿಪೋದ ಟೀ ಕೋಣೆಯಲ್ಲಿ ಮಾತಿನ ಭರಕ್ಕೆ ಬಾಯಿ ಬಿಟ್ಟಿದ್ದಳು. "ನಂಗೂ ಒಂದ್ಸಲ ಸ್ಟೀರಿಂಗ್ ಹಿಡೀಬೇಕು ಅನ್ಸುತ್ತಪ್ಪ."

ಅಲ್ಲೇ ಕೂತಿದ್ದ ಹಿರಿಯ ಡ್ರೈವರೊಬ್ಬ ಲೋಟವನ್ನೂ ಕೆಳಗಿಡದೆ ಹೇಳಿದ: "ಹಂಗಿದ್ರೆ ಮೊದಲೇ ಹೇಳಕ್ಕ. ಅವತ್ತು ನಾನು ರಜಾ ಹಾಕ್ತೀನಿ, ರಸ್ತೆಗೇ ಬರಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಆದರೆ ಮನೆಗೆ ಬಂದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ಆಸಕ್ತಿ ಇರುವ ಕಂಡಕ್ಟರುಗಳಿಗೆ ಡ್ರೈವಿಂಗ್ ಕಲಿಸುತ್ತೇವೆ ಎಂದು ಡಿಪೋದ ಬಾಗಿಲಿಗೆ ಚೀಟಿ ಅಂಟಿಸಿದಾಗಲೂ, ಕಾಲಿನ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು, ಓದದವಳ ಹಾಗೆ ಓದಿ, ಮನೆಗೆ ಬಂದುಬಿಟ್ಟಳು.

ಮನೆಯಲ್ಲಿ ಅವಳಲ್ಲದೆ ಇನ್ನು ಮೂವರು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಅತ್ತೆ, ಅಂದರೆ ಅವನ ತಾಯಿ, ಎಲ್ಲರ ಕೆಲಸಕ್ಕೂ ಬಣ್ಣ ಕಟ್ಟಿ ಮಾತಾಡುವವರು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಈ ಮಗಳು ನೆಲದ ಮೇಲೆ ದೊಡ್ಡ ರಟ್ಟು ಹರಡಿಕೊಂಡು, ಕತ್ತರಿ ಗೋಂದು ಹಿಡಿದು ಕೂತಿದ್ದಳು.

"ವಿಷನ್ ಬೋರ್ಡ್ ಅಂತಮ್ಮ," ಎಂದಳು. "ನಮಗೆ ಏನಾಗ್ಬೇಕು ಅಂತಿದ್ಯೋ ಅದರ ಚಿತ್ರ ಎಲ್ಲ ಕತ್ತರಿಸಿ ಅಂಟಿಸೋದು. ದಿನಾ ಕಣ್ಣಿಗೆ ಬೀಳೋ ಜಾಗದಲ್ಲಿ ಹಾಕ್ಕೊಂಡ್ರೆ ಮನಸ್ಸು ಆ ಕಡೆ ಈ ಕಡೆ ಜಾರಲ್ಲ."

ಅತ್ತೆ ಕೂತಲ್ಲಿಂದಲೇ ಇಣುಕಿ ನೋಡಿದರು. "ನಮ್ಮ ಕಾಲದಲ್ಲಿ ಗೋಡೆ ಮೇಲೆ ಕ್ಯಾಲೆಂಡರ್ ಒಂದೇ ಇರ್ತಿತ್ತು. ಅದ್ರಲ್ಲೂ ನಮಗೆ ಬೇಕಾಗಿದ್ದೆಲ್ಲ ಕೆಂಪಲ್ಲೇ ಬರೆದಿರ್ತಿದ್ರು. ರಜಾ."

ಪೀಪಿ ಅಕ್ಕ ನಕ್ಕಳು. ಆದರೆ ಮಗಳ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ವಾರದ ರಜೆಯ ಮಧ್ಯಾಹ್ನ ಅತ್ತೆ ನಿದ್ದೆ ಹೋದದ್ದನ್ನು ಗೊರಕೆಯಿಂದ ಖಾತ್ರಿ ಮಾಡಿಕೊಂಡು, ಹಿಂದಿನ ಕೋಣೆ ಸೇರಿ ಬಾಗಿಲು ಮುಂದೆ ಮಾಡಿದಳು. ರಟ್ಟು ಕೊಳ್ಳುವುದೇಕೆ, ಮನೆ ತುಂಬ ಹಳೇ ಪೇಪರು. ಬಣ್ಣದವನ ಮನೆಯಲ್ಲಿ ಪೇಪರಿಗೂ ಟೇಪಿಗೂ ಬರವಿಲ್ಲ. ಕಿಟಕಿ ಗಾಜಿಗೆ ಬಣ್ಣ ತಾಗದಿರಲೆಂದು ಅವನು ಪೇಪರು ಹೊದಿಸಿ ಅಂಚಿಗೆಲ್ಲ ಟೇಪು ಅಂಟಿಸುತ್ತಿದ್ದ. ಅವಳು ಒಂದು ದೊಡ್ಡ ಹಾಳೆ ಆರಿಸಿ, ಅದರ ಮೇಲೆ ಕಾರಿನ ಜಾಹೀರಾತಿನಿಂದ ಕತ್ತರಿಸಿದ ಸ್ಟೀರಿಂಗ್ ಅಂಟಿಸಿದಳು. ನೇರಕ್ಕೆ ಹೋಗುವ ಒಂದು ರಸ್ತೆ. ಗಟ್ಟಿ ಅಟ್ಟೆಯ ಒಂದು ಜೊತೆ ಬೂಟು. ಕೊನೆಗೆ, ಯಾಕಿರಬಾರದು ಎಂದು, ಹಾಸಿಗೆಯ ಜಾಹೀರಾತಿನಲ್ಲಿ ಹಾಯಾಗಿ ಮಲಗಿದ್ದ ಒಬ್ಬ ಹೆಂಗಸನ್ನೂ ಕತ್ತರಿಸಿ ಮೂಲೆಯಲ್ಲಿ ಮಲಗಿಸಿದಳು.

ಅಂಟಿಸಿದ್ದು ಎಲ್ಲಿ ಎನ್ನುವುದೇ ಈ ಕಥೆಯ ಮುಖ್ಯ ಭಾಗ. ಊರಿನ ಮನೆಗಳಿಗೆಲ್ಲ ಬಣ್ಣ ಬಳಿದ ಗಂಡ ಸ್ವಂತ ಮನೆಗೆ ಕೈ ಹಾಕಿದ್ದು ಆ ತಿಂಗಳು. ಉಳಿದ ಬಣ್ಣದ ಡಬ್ಬಿಗಳನ್ನು ತಂದಿಟ್ಟುಕೊಂಡು, ಬಿಡುವು ಸಿಕ್ಕಾಗ ಒಂದು ಕಿಟಕಿ, ಮತ್ತೆ ಬಿಡುವಾದಾಗ ಇನ್ನೊಂದು ಎಂದು ಹಿಂದಿನ ಕೋಣೆಯಲ್ಲಿ ಕೆಲಸ ಎಳೆಯುತ್ತಿದ್ದ. ಕೋಣೆಯ ತುಂಬ ಪೇಪರು, ಟೇಪು. ಅವಳು ತನ್ನ ಹಾಳೆಯನ್ನು ಕಿಟಕಿಯ ಪಕ್ಕದ ಗೋಡೆಗೆ ಅದೇ ಟೇಪಿನಿಂದ ಅಂಟಿಸಿ, ಯಾರೂ ನೋಡದಿರಲೆಂದು ಅದರ ಮೇಲೆ ಇನ್ನೊಂದು ಪೇಪರನ್ನು ಪರದೆಯಂತೆ ಇಳಿಬಿಟ್ಟಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಪರದೆ ಎತ್ತಿ ನೋಡುವುದು, ಮತ್ತೆ ಇಳಿಸುವುದು. ಅಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಮಗಳು ಹೇಳಿದ್ದು ಸುಳ್ಳಾಗಲಿಲ್ಲ. ನೋಡಿ ನೋಡಿ ಆ ಸ್ಟೀರಿಂಗು ಪರಿಚಯದವರಂತಾಯಿತು. ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ, ಡ್ರೈವಿಂಗ್ ಕಲಿಸುವ ಹಿರಿಯರ ಮುಂದೆ ಹೋಗಿ ನಿಂತಳು. ಎದುರಿಗೆ ಹೋಗುವ ಆಟೋಗೂ ಬ್ರೇಕ್ ಬ್ರೇಕ್ ಎಂದು ಕೂಗುವವರಾದ್ದರಿಂದ ಅವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರು. "ಮೇಷ್ಟ್ರೇ, ನನ್ನ ಹೆಸರೂ ಬರ್ಕೊಳ್ಳಿ" ಎಂದಳು. ಅವರು ಕನ್ನಡಕದ ಮೇಲಿಂದ ನೋಡಿ, "ಸದ್ಯ, ಒಬ್ರಾದ್ರೂ ಬಂದ್ರಲ್ಲ" ಎಂದು ಬರೆದುಕೊಂಡರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ.

ಅವಳು ಮನೆಗೆ ಬಂದದ್ದು ನಡೆದುಕೊಂಡೋ ತೇಲಿಕೊಂಡೋ ಅವಳಿಗೇ ತಿಳಿಯದು. ಮೊದಲು ಆ ಹಾಳೆಯನ್ನು ನೋಡಬೇಕು ಎಂದು ನೇರ ಹಿಂದಿನ ಕೋಣೆಗೆ ಹೋದಳು. ಗೋಡೆ ಬೋಳು. ಕಿಟಕಿಗಳೂ ಬೋಳು.

ಗಂಡ ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ಷು ಒರೆಸುತ್ತಿದ್ದ. ಕೈಯಲ್ಲಿ ಥಿನ್ನರಿನಲ್ಲಿ ನೆನೆದ ಪೇಪರಿನ ಉಂಡೆ. ಅದರ ಒಂದು ಮಡಿಕೆಯಿಂದ, ಹಾಸಿಗೆ ಜಾಹೀರಾತಿನ ಹೆಂಗಸಿನ ಕಾಲು ಹೊರಗೆ ಚಾಚಿತ್ತು.

"ಅಲ್ಲಿ ಗೋಡೆ ಮೇಲೆ ಒಂದು ಪೇಪರಿತ್ತಲ್ಲ?" ಎಂದಳು.

"ಬಣ್ಣ ಒಣಗಿತ್ತು, ಎಲ್ಲ ಕಿತ್ತೆ. ಟೇಪು ಜಾಸ್ತಿ ದಿನ ಬಿಟ್ರೆ ಬಣ್ಣನೂ ಕಿತ್ಕೊಂಡ್ ಬರುತ್ತೆ."

"ಗೋಡೆದೂ ಕಿತ್ತೆಯಾ?"

ಅವನು ತಲೆಯೆತ್ತಿದ. ಕಿಟಕಿಗಳಿಗೆ ಪೇಪರು ಹೊದಿಸಿ, ಬಲ್ಬಿನ ಹೋಲ್ಡರನ್ನೂ ಬಣ್ಣಕ್ಕೆಂದು ಕಳಚಿದ್ದರಿಂದ ಕೀಳುವಾಗ ಕೋಣೆಯಲ್ಲಿ ಬೆಳಕಿರಲಿಲ್ಲ. ಅರ್ಧ ಆಯುಷ್ಯ ಪೇಪರು ಅಂಟಿಸಿ ಕಿತ್ತ ಕೈ. ಟೇಪು ತಾಕಿದಲ್ಲೆಲ್ಲ ಉಗುರು ಸಿಕ್ಕಿಸಿ, ಓರೆಯಾಗಿ ಎಳೆದು, ಉಂಡೆ ಮಾಡಿ ಬಕೆಟ್ಟಿಗೆ ಹಾಕಿತ್ತು. ತಲೆಯನ್ನು ಕೇಳಿರಲೇ ಇಲ್ಲ.

"ಅದರಲ್ಲಿ ಏನಾದ್ರೂ ಇತ್ತಾ?"

"ಏನಿಲ್ಲ. ಪೇಪರು" ಎಂದು ಒಳಗೆ ಹೋದವಳು ಪಾತ್ರೆಗಳನ್ನು ಎತ್ತಿ ಕುಕ್ಕತೊಡಗಿದಳು. ಪಾತ್ರೆಯ ಭಾಷೆ ಆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು, ಮಗಳು ಪುಸ್ತಕ ಮಡಚಿ ಬಂದಳು, ಗಂಡ ಒದ್ದೆ ಕೈ ಅಂಗಿಗೆ ಒರೆಸಿಕೊಳ್ಳುತ್ತ ಬಂದು ನಿಂತ.

"ಏನೇ ಅದು, ಬಾಯಿ ಬಿಟ್ಟು ಹೇಳಬಾರದಾ?" ಎಂದರು ಅತ್ತೆ.

ಮೂವರ ಮುಖವನ್ನೂ ನೋಡಿದಳು. ಇವರೂ ನಕ್ಕರೆ ತಾನು ನಾಳೆ ಡಿಪೋಗೆ ಹೋಗಿ ಹೆಸರು ತೆಗೆಸಿಬಿಡುವುದೇ ಸರಿ ಎಂದುಕೊಂಡಳು. ಕೈಯಲ್ಲಿದ್ದ ಸೌಟನ್ನು ಕೆಳಗಿಡಲೂ ಮರೆತು ಹೇಳಿದಳು: "ನಾನು ಬಸ್ ಓಡಿಸ್ಬೇಕು. ಅದರ ಚಿತ್ರ ಅಂಟಿಸ್ಕೊಂಡಿದ್ದೆ. ಇವತ್ತು ಹೆಸರೂ ಕೊಟ್ಟು ಬಂದೆ."

ಯಾರೂ ನಗಲಿಲ್ಲ.

"ಅದಕ್ಕೆ ಪೇಪರ್ ಮುಚ್ಚಿ ಯಾಕಿಟ್ಟೆ?" ಎಂದರು ಅತ್ತೆ. ಅವರ ಸಿಟ್ಟೆಲ್ಲ ಅದಕ್ಕೇ. "ನಾವೇನು ಹೊರಗಿನವರಾ? ಇಷ್ಟು ವರ್ಷ ಒಂದೇ ಮನೇಲಿದ್ದು ನಂಗೆ ಹೇಳ್ಲಿಲ್ಲ ನೀನು."

"ನೀವು ನಗ್ತೀರ ಅಂತ."

"ನಗ್ತಿದ್ದೆ. ನಕ್ಕು ಆಮೇಲೆ, ಯಾವಾಗ ಕಲೀತೀಯ ಅಂತ ಕೇಳ್ತಿದ್ದೆ."

ಗಂಡ ಹಿತ್ತಲಿಗೆ ಹೋಗಿ ಆ ಉಂಡೆಗಳನ್ನು ಬಿಡಿಸಿ ಬಿಡಿಸಿ ನೋಡಿದ. ಚಿತ್ರವೆಲ್ಲ ಬಣ್ಣ ಮೆತ್ತಿ ಮುದ್ದೆಯಾಗಿತ್ತು. ರಜೆಯ ದಿನ ಬೆಳಿಗ್ಗೆ ಅವಳು ಎದ್ದು ನೋಡುವಾಗ ಅವನು ಹಿಂದಿನ ಕೋಣೆಯಲ್ಲಿ ಡಬ್ಬಿಗಳನ್ನು ಸಾಲಾಗಿಟ್ಟು, ಬಿಳಿ ಬಳಿದ ಗೋಡೆಯ ಮುಂದೆ ಏಣಿ ಹಾಕಿಕೊಂಡಿದ್ದ.

"ಇಲ್ಲಿ ಬಂದು ಸ್ಟೂಲ್ ಮೇಲೆ ಕೂತ್ಕೋ," ಎಂದ. "ಏನೇನಿತ್ತು ಅಂತ ಹೇಳು. ಬಿಡದೆ ಹೇಳು."

ಅವಳು ಹೇಳುತ್ತ ಹೋದಳು. ಅವನು ಬಳಿಯುವವನೇ ಹೊರತು ಚಿತ್ರಗಾರನಲ್ಲ. ಸ್ಟೀರಿಂಗಿಗೆ ದೊಡ್ಡ ಬೇಸಿನ್ನನ್ನು ಗೋಡೆಗೆ ಬೋರಲು ಒತ್ತಿ ಸುತ್ತ ಗೆರೆ ಎಳೆದ. ಬೂಟು ಬರೆಯಲು ಹೋದರೆ ಅದು ಎರಡು ಬದನೆಕಾಯಿಯಾಯಿತು, ಒರೆಸಿಬಿಟ್ಟ. ಆದರೆ ನೇರ ಗೆರೆ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಟೇಪು ಅಂಟಿಸಿ, ಅಗಲ ಬ್ರಷ್ಷಿನಿಂದ ಬೂದು ಬಣ್ಣದ ರಸ್ತೆಯನ್ನು ಕೆಳಗೆ ಅಗಲಕ್ಕೆ, ಮೇಲೆ ಕಿರಿದಾಗುತ್ತ ಎಳೆದ. ನಡುವೆ ಬಿಳಿ ಪಟ್ಟಿ. ಟೇಪು ಕಿತ್ತಾಗ, ಸ್ಟೂಲಿನ ಮೇಲೆ ಕೂತಿದ್ದ ಅವಳ ಎದುರಿಗೆ, ಗೋಡೆಯೊಳಗಿಂದ ಅವಳ ಕಡೆಗೇ ಒಂದು ರಸ್ತೆ ಬರುತ್ತಿತ್ತು. ಆ ಪೇಪರು ಹರಿದುಹೋದದ್ದೇ ಒಳ್ಳೆಯದಾಯಿತು ಎಂದು ಅವಳಿಗೆ ಆಗಲೇ ಅನ್ನಿಸಿದ್ದು. ಹರಿಯದಿದ್ದರೆ ಆ ಪರದೆಯ ಹಿಂದೆ ಅವಳೊಬ್ಬಳೇ ಇಣುಕುತ್ತ ಇರುತ್ತಿದ್ದಳು.

ಅವಳ ಕಾಲ ಬುಡದಲ್ಲಿ ಅವನು ಮೂರು ಖಾಲಿ ಬಣ್ಣದ ಡಬ್ಬಿ ಇಟ್ಟ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಆಮೇಲೆ ಆ ಮನೆಯಲ್ಲಿ ಸಂಜೆ ಹೊತ್ತು ನಡೆದದ್ದನ್ನು ನೆರೆಯವರು ನೋಡದಿದ್ದುದೇ ಲೇಸು. ಸೊಸೆ ಗೋಡೆಗೆ ಮುಖ ಮಾಡಿ ಡಬ್ಬಿ ತುಳಿಯುವಳು. ಮಗಳು ಹಿಂದೆ ನಿಂತು, "ಎದುರಿಗೆ ದನ. ಈಗ ಸ್ಕೂಟರು. ಸಿಗ್ನಲ್ ಬಿತ್ತು" ಎಂದು ಹೇಳುವಳು. ಅತ್ತೆ ಮಂಚದ ಮೇಲೆ ಚೀಲ ತೊಡೆಯಲ್ಲಿಟ್ಟು ಕೂತು, "ಡ್ರೈವರಮ್ಮ, ನಿಲ್ಸಿ, ನನ್ನ ಸ್ಟಾಪು ಹೋಗೇಬಿಡ್ತು" ಎಂದು ಜಗಳ ತೆಗೆಯುವರು. ನಕ್ಕು ನಕ್ಕು ಎಲ್ಲರಿಗೂ ಹೊಟ್ಟೆ ಹುಣ್ಣಾಗುತ್ತಿತ್ತು. ಡಿಪೋದ ನಗುವಿಗೂ ಈ ನಗುವಿಗೂ ಎಷ್ಟು ವ್ಯತ್ಯಾಸ ಎಂದು ಅವಳು ಯೋಚಿಸುತ್ತಿದ್ದಳು.

ಬ್ರೇಕ್ ಮೇಷ್ಟ್ರ ಹತ್ತಿರ ಕಲಿಕೆಯೂ ಚೆನ್ನಾಗಿಯೇ ನಡೆಯಿತು. ಮುಂದಕ್ಕೆ ಓಡಿಸುವುದರಲ್ಲಿ ಅವಳದು ನೀರು ಕುಡಿದಷ್ಟು ಸಲೀಸು. ಹಿಂದಕ್ಕೆ ಬರುವಾಗ ಮೇಷ್ಟ್ರು ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದುದರಿಂದ ಅದೂ ಬಂದುಬಿಟ್ಟಿದೆ ಎಂದೇ ಎಲ್ಲರೂ ತಿಳಿದಿದ್ದರು. ಪರೀಕ್ಷೆಯ ದಿನ ಬೆಳಗಿನ ಡ್ಯೂಟಿ ಮುಗಿಸಿ, ಅದೇ ಸಮವಸ್ತ್ರದಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡೇ ಮೈದಾನಕ್ಕೆ ಹೋದಳು. ಬಸ್ಸಿನಲ್ಲಿ ಅವಳೊಬ್ಬಳೇ. ಮುಂದಕ್ಕೆ ಹೋದಳು, ತಿರುಗಿಸಿದಳು, ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು. ಉಳಿದದ್ದು ಎರಡು ಕಂಬಗಳ ನಡುವೆ ಹಿಂದಕ್ಕೆ ಬಂದು ನಿಲ್ಲಿಸುವುದು ಮಾತ್ರ.

ಹಿಂದಕ್ಕೆ ಬಂದಳು. ಕನ್ನಡಿಯಲ್ಲಿ ಕಂಬ ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಆಗ ಅವಳು ಇಷ್ಟು ವರ್ಷ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದಳು. ಊದಿ, ಬಸ್ಸು ನಿಲ್ಲಲಿ ಎಂದು ಕಾದಳು.

ಬ್ರೇಕು ತುಳಿಯಬೇಕಾದವಳು ತಾನೇ ಎಂದು ಹೊಳೆಯುವಷ್ಟರಲ್ಲಿ ಕಂಬ ಅಂಗಾತ ಮಲಗಿತ್ತು.

ಕೆಳಗೆ ನಿಂತು ನೋಡುತ್ತಿದ್ದ ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಲ್ಲಮ್ಮ, ಯಾರಿಗೆ ಊದಿದೆ ನೀನು?" ಎಂದರು ಸಣ್ಣ ದನಿಯಲ್ಲಿ. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಮತ್ತೆ ಯಾವಾಗ ಕಲಿಸುತ್ತಾರೋ ಹೇಳುವವರಿಲ್ಲ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಈ ಸಲ ಏನನ್ನೂ ಮುಚ್ಚಲಿಲ್ಲ. ಮಗಳು ನಗು ತಡೆಯಲಾರದೆ ದಿಂಬಿನಲ್ಲಿ ಮುಖ ಹುದುಗಿಸಿದಳು. ಗಂಡ ಮಾತ್ರ ನಗಲಿಲ್ಲ.

"ನಿನ್ನ ಪೇಪರ್ ಕಿತ್ತೆನಲ್ಲ, ಅದೂ ಹಿಂಗೇ ಆಗಿದ್ದು," ಎಂದ. "ಕೈ ತನ್ನ ಪಾಡಿಗೆ ಮಾಡ್ಬಿಡ್ತು. ಆಮೇಲೆ ನಾನು ನೋಡಿದ್ದು."

ಅವಳು ಅವನ ಮುಖ ನೋಡಿದಳು. ಆ ಪೇಪರಿನ ಬಗ್ಗೆ ಮನಸ್ಸಿನ ಮೂಲೆಯಲ್ಲಿ ಒಂದು ಎಳೆಯಷ್ಟು ಮುನಿಸು ಉಳಿದಿತ್ತೇನೋ. ಅದು ಆ ಕ್ಷಣ ಹೋಯಿತು.

ಅವನು ಎದ್ದು ಹಿಂದಿನ ಕೋಣೆಗೆ ಹೋಗಿ ಗೋಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ. "ನನ್ನದೇ ತಪ್ಪು. ಮುಂದಿನ ರಸ್ತೆ ಒಂದೇ ಬರೆದಿದ್ದೀನಿ. ಕನ್ನಡಿನೇ ಇಲ್ಲ."

ಮಾರನೆಯ ದಿನ ರಸ್ತೆಯ ಎರಡೂ ಪಕ್ಕ ಉದ್ದನೆಯ ಕನ್ನಡಿ ಬಂದವು. ಬಾಗಿಲ ಕಡೆಯ ಕನ್ನಡಿಯಲ್ಲಿ ಎರಡು ಕಂಬ ಬರೆದು, ನಡುವೆ ಜಾಗ ಖಾಲಿ ಉಳಿಯಿತೆಂದು ಮೂರು ಮಚ್ಚೆ ಇಟ್ಟ. ಯಾರದೋ ಅಡುಗೆಮನೆಗೆ ಬಳಿದು ಉಳಿದಿದ್ದ ಹಳದಿ, ಒಂದು ಶಾಲೆಯ ಹಸಿರು, ಒಂದು ಕ್ಲಿನಿಕ್ಕಿನ ನೀಲಿ.

"ಇದೇನೋ ಇದು?" ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಹಳದಿ ನೀನು. ಹಸಿರು ಮಗಳು. ನೀಲಿ ನಾನು. ಹಿಂದೆ ನಾವು ನಿಂತಿದ್ದೀವಿ ಅಂತ ಗೊತ್ತಿದ್ರೆ ಅವಳು ಬ್ರೇಕ್ ಹಾಕ್ತಾಳೆ."

"ನಾನಿಷ್ಟು ದಪ್ಪಗಿದ್ದೀನಾ? ಕಣ್ಣಿಲ್ಲ, ಮೂಗಿಲ್ಲ."

"ದೂರದಿಂದ ಇಷ್ಟೇ ಕಾಣೋದಮ್ಮ."

ಅಂದಿನಿಂದ ಸಂಜೆ ಪಾಠದ ಕ್ರಮ ಬದಲಾಯಿತು. ಅತ್ತೆಯೇ ಮೇಷ್ಟ್ರು. ಪಾಠ ಮುಗಿಯುವ ತನಕ ಸೊಸೆಯ ಕೊರಳಿನ ಸೀಟಿ ಕಸಿದು ತಮ್ಮ ಕೊರಳಿಗೆ ಹಾಕಿಕೊಳ್ಳುವರು. ಅವಳು ಬಾಯಿಗೆ ಕೈ ಒಯ್ದಾಗಲೆಲ್ಲ, "ಕೈಯಲ್ಲ, ಕಾಲು" ಎಂದು ಗದರಿಸುವರು. ಕನ್ನಡಿ ನೋಡು, ಡಬ್ಬಿ ತುಳಿ. ಕನ್ನಡಿ ನೋಡು, ಡಬ್ಬಿ ತುಳಿ. ಬ್ರೇಕಿನ ಡಬ್ಬಿ ತುಳಿಸಿಕೊಂಡು ತುಳಿಸಿಕೊಂಡು ಜಜ್ಜಿಹೋದದ್ದರಿಂದ ಗಂಡ ಬೇರೆ ಡಬ್ಬಿ ಇಟ್ಟ.

ಎರಡನೇ ಸಲ ಮೈದಾನಕ್ಕೆ ಹೋಗುವ ದಿನ ಅತ್ತೆ ಸೀಟಿ ವಾಪಸು ಕೊಡಲಿಲ್ಲ. ಬರಿಗೊರಳಿನಲ್ಲಿ ಬಸ್ಸು ಹತ್ತಿದಳು. ಕಂಬ ಹತ್ತಿರವಾದಾಗ ಅವಳ ಕೈ ಎದೆಯ ಹತ್ತಿರ ಹೋದದ್ದು ನಿಜ. ಅಲ್ಲಿ ಏನೂ ಸಿಗಲಿಲ್ಲ. ಕನ್ನಡಿ ನೋಡಿದಳು. ಕಂಬಗಳ ನಡುವೆ ಬರೀ ಮಣ್ಣಿತ್ತು. ಅವಳಿಗೆ ಮಾತ್ರ ಅಲ್ಲಿ ಮೂವರು ಕಂಡರು. ಕಾಲು ತಾನಾಗಿ ಬ್ರೇಕಿನ ಮೇಲೆ ಇಳಿಯಿತು. ಕಂಬ ನಿಂತೇ ಇತ್ತು. ಬ್ರೇಕ್ ಮೇಷ್ಟ್ರು ಮೊದಲ ಸಲ ಬ್ರೇಕ್ ಎನ್ನುವುದನ್ನು ಬಿಟ್ಟು, "ಭೇಷ್" ಎಂದರು.

ಲೈಸೆನ್ಸು, ಆದೇಶ, ಹೊಸ ಬೂಟು ಎಲ್ಲ ಒಂದೊಂದಾಗಿ ಬಂದವು. ಮೊದಲ ಡ್ಯೂಟಿಯ ಬೆಳಿಗ್ಗೆ ಟೀ ಕೋಣೆಯ ಆ ಹಿರಿಯ ಡ್ರೈವರು ಬಂದು, ಅವಳ ಬಸ್ಸಿನ ಗಾಜನ್ನು ತಾನೇ ಬಟ್ಟೆಯಿಂದ ಒರೆಸಿದ. "ನೋಡ್ಕೋ ಅಕ್ಕ, ನಾನಿವತ್ತು ರಜಾ ಹಾಕಿಲ್ಲ" ಎಂದ. ಅವಳು ಮನಸಾರೆ ನಕ್ಕಳು. ಗಂಡ, ಅತ್ತೆ, ಮಗಳು, ಮೇಷ್ಟ್ರು, ಕೊನೆಗೆ ಈ ಮನುಷ್ಯ ಕೂಡ. ಎಷ್ಟು ಜನರ ಋಣದ ಮೇಲೆ ತಾನು ಈ ಸೀಟಿನಲ್ಲಿ ಕೂತಿದ್ದೇನೆ ಎಂದು ಅವಳಿಗೆ ಕಣ್ಣು ತುಂಬಿ ಬಂತು. ರಸ್ತೆ ಮಸುಕಾಗಬಾರದೆಂದು ಬೇಗ ಒರೆಸಿಕೊಂಡಳು.

ಮನೆಯ ಹತ್ತಿರದ ಸ್ಟಾಪಿನಲ್ಲಿ ಮೂವರೂ ಕಾದು ನಿಂತಿದ್ದರು. ಅತ್ತೆ ಹಳದಿ ಉಟ್ಟಿದ್ದರು, ಮಗಳು ಹಸಿರು ತೊಟ್ಟಿದ್ದಳು. ಗಂಡ ಎಲ್ಲಿಂದಲೋ ಒಂದು ನೀಲಿ ಅಂಗಿ ಹುಡುಕಿ ಹಾಕಿಕೊಂಡಿದ್ದ, ತೋಳು ಗಿಡ್ಡ.

"ಹತ್ತಿ ಅತ್ತೆ," ಎಂದಳು.

"ನಾವು ಹತ್ತಲ್ಲ. ಹಿಂದೆ ನಿಂತ್ಕೋಬೇಕಲ್ಲ ನಾವು," ಎಂದರು ಅತ್ತೆ. "ಗುರುತು ಸಿಗ್ಲಿ ಅಂತ ಉಟ್ಕೊಂಡ್ ಬಂದಿದ್ದೀನಿ. ಹೊರಡು, ಜನಕ್ಕೆ ಹೊತ್ತಾಗುತ್ತೆ."

ಹಿಂದಿನಿಂದ ಯಾರದೋ ಸೀಟಿ ಎರಡು ಸಲ ಕೇಳಿತು. ಅವಳು ಕ್ಲಚ್ಚಿನಿಂದ ನಿಧಾನಕ್ಕೆ ಕಾಲೆತ್ತಿದಳು. ಬೂದು ಬಣ್ಣದ ರಸ್ತೆ, ನಡುವೆ ಬಿಳಿ ಪಟ್ಟಿ, ಎದುರಿನಿಂದ ಅವಳ ಕಡೆಗೆ ಬರತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಬಾಗಿಲ ಕಡೆಯ ಕನ್ನಡಿ ನೋಡಿದಳು. ಮೂರು ಮಚ್ಚೆ. ಹಳದಿ, ಹಸಿರು, ನೀಲಿ. ಕಣ್ಣಿಲ್ಲ, ಮೂಗಿಲ್ಲ. ಅವನು ಸರಿಯಾಗಿಯೇ ಬರೆದಿದ್ದ.